ಸ್ಪಂಜಿನ ಹಾಸಿಗೆ

...ಅಲ್ಲ ಅಕ್ಕ, ಅದಲ್ಲ, ಅದು ಫ್ಯಾನಿಂದು. ಲೈಟಿನ ಸ್ವಿಚ್ಚು ಇದು. ಇದೂ ಅಲ್ವಾ? ತಡಿ ತಡಿ... ಹಾಂ, ಬಂತು ನೋಡು. ಹೊಸದಾಗಿ ವೈರಿಂಗ್ ಮಾಡ್ಸಿದಾರೆ, ಎಲ್ಲಾ ಅದಲುಬದಲು ಮಾಡಿಟ್ಟಿದಾರೆ, ನನಗೇ ಇನ್ನೂ ಕೈ ಕೂತಿಲ್ಲ. ಒಳಗೆ ಬಾ. ಯಾಕೆ ಬಾಗಿಲಲ್ಲೇ ನಿಂತೆ? ಬಾಡಿಗೆ ಕಳ್ಸೋಳು ನೀನು. ಹಾಗೆ ನೋಡಿದ್ರೆ ಇದು ನಿನ್ನ ರೂಮು, ನಾನು ಇಲ್ಲಿ ನೆಂಟ. ಬಾ.

ಚಪ್ಪಲಿ ಅಲ್ಲೇ ಬಿಡು. ಆ ಗಂಟು ಇತ್ತ ಕೊಡು. ಅಬ್ಬಾ, ಇಷ್ಟು ದೊಡ್ಡದು, ಇಷ್ಟು ಹಗುರ! ಹತ್ತಿ ತಾನೆ? ಚಳಿ ಬಂತು ಅಂತ ರಜಾಯಿ ಹೊಲ್ಕೊಂಡು ಬಂದಿದೀಯ, ಗೊತ್ತಾಯ್ತು ಬಿಡು. ಆಯ್ತು, ಆಯ್ತು, ಕೊಡ್ಬೇಡ, ಕಿತ್ಕೊಳ್ತೀನಾ ನಾನು? ಬಾಗಿಲ ಪಕ್ಕ ಇಡು. ಹೋಗುವಾಗ ಎತ್ಕೊಳ್ಳೋಕೆ ಅನುಕೂಲ.

ಹೋಗುವಾಗ ಅಂದ್ರೆ... ಈಗಲೇ ಹೋಗು ಅಂದ್ನಾ? ಐದೂವರೆಗೆ ಬಸ್ಸಿದೆ, ಒಳ್ಳೆ ಬಸ್ಸು, ಕಿಟಕಿ ಸೀಟು ಸಿಗುತ್ತೆ, ಅದಕ್ಕೆ ಹೇಳ್ದೆ. ಆಮೇಲಿನ ಬಸ್ಸಲ್ಲಿ ನಿಂತೇ ಹೋಗ್ಬೇಕು. ನಿನ್ನ ಕಾಲು ನೋವಿಗೆ ಆಗುತ್ತಾ ಅದು?

ಕುರ್ಚಿ ಮೇಲೆ ಕೂತ್ಕೋ. ಕುರ್ಚಿ ಅಕ್ಕ, ಕುರ್ಚಿ, ನಿನಗೋಸ್ಕರ ಒರೆಸಿಟ್ಟಿದೀನಿ. ಮಂಚ ಬೇಡ, ಅದು ಸ್ವಲ್ಪ... ಕೂತೇಬಿಟ್ಟೆ. ಸರಿ, ಕೂತ್ಕೋ.

ಬಸ್ ಸ್ಟ್ಯಾಂಡಲ್ಲಿ ಒಂದು ಗಂಟೆ ಕಾಯಿಸ್ದೆ ಅಂತ ಕೋಪಾನಾ? ನೀನು ಬಂದಿಳಿದ ಮೇಲೆ ಫೋನ್ ಮಾಡಿದ್ರೆ ನಾನೇನು ಮಾಡ್ಲಿ ಹೇಳು. ಹೊರಡೋ ಮೊದಲು ಒಂದು ಮಾತು ಹೇಳಿದ್ರೆ ಎದುರಿಗೇ ಬಂದು ನಿಂತಿರ್ತಿದ್ದೆ. ರೂಮು ಗಲೀಜಾಗಿತ್ತು, ಗುಡಿಸಿ, ಒರೆಸಿ, ಬಟ್ಟೆ ಮಡಚಿ... ಹುಡುಗರ ರೂಮು ಗೊತ್ತಲ್ಲ. ಈಗ ನೋಡು, ಹೇಗಿದೆ? ಮೇಜಿನ ಮೇಲೆ ನನ್ನ ಪುಸ್ತಕ. ಮೊಳೆಗೆ ನನ್ನ ಬ್ಯಾಗು. ಕಿಟಕೀಲಿ ನಿನ್ನ ಫೋಟೋ. ದಿನಾ ಬೆಳಿಗ್ಗೆ ಎದ್ದ ತಕ್ಷಣ ನಿನ್ನ ಮುಖಾನೇ ನೋಡೋದು. ನಗು ಬರುತ್ತಾ? ಬರಲ್ವಾ. ಮೊದಲಾಗಿದ್ರೆ ಬಾಯಿ ಮುಚ್ಚೋ ಸುಳ್ಳ ಅಂತ ಬೆನ್ನಿಗೊಂದು ಕೊಡ್ತಿದ್ದೆ.

ಆ ಗೋಡೆ ಮೇಲಿನ ಫೋಟೋನಾ? ಅದು... ಅದು ಮಾಲೀಕರ ಮನೆಯವರು. ತೆಗೀಬೇಡಿ ಅಂದಿದಾರೆ. ನಡುವೆ ನಿಂತಿರೋ ದಪ್ಪಗಿನ ಹುಡುಗ ಅವರ ಮಗ ಇರ್ಬೇಕು. ಮಂಚದ ಕೆಳಗಿರೋ ಡಂಬೆಲ್ಲಾ? ನಂದೇ. ಹೌದು, ನಂದೇ, ಯಾಕೆ? ಬೆಳಿಗ್ಗೆ ವ್ಯಾಯಾಮ ಮಾಡ್ತೀನಿ. ತೋರಿಸ್ಲಾ? ನೋಡು... ಹೂಂ... ಇವತ್ತು ಭುಜ ಸ್ವಲ್ಪ ಹಿಡ್ಕೊಂಡಿದೆ. ನಾಳೆ ಎತ್ತಿದ್ರಾಯ್ತು.

ಯಾಕಕ್ಕ ಹಾಗೆ ಅಂಗೈ ಊರಿ ಒತ್ತಿ ನೋಡ್ತಿದೀಯ? ಕೈ ತೆಗಿ. ಅದು ಹಾಸಿಗೆ, ಅಷ್ಟೇ. ಹಾಸಿಗೆ...

ಹಾಂ, ಸ್ಪಂಜು. ಗೊತ್ತು. ಹತ್ತಿ ಹಾಸಿಗೆ ಹೊಲಿಯೋರ ಮನೇಲಿ ಹುಟ್ಟಿ ಸ್ಪಂಜಿನ ಮೇಲೆ ಮಲಗ್ತಾನಾ ಅಂತ ತಾನೆ? ಅಪ್ಪ ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಎತ್ತಿ ಹೊರಗೆ ಹಾಕ್ತಿದ್ರು. ನೆನಪಿದೆಯಾ, ಊಟಕ್ಕೆ ಕೂತಾಗ ಯಾರೋ ಗಿರಾಕಿ ಬಂದು ಸ್ಪಂಜಿನ ಹಾಸಿಗೆ ಇದೆಯಾ ಅಂತ ಕೇಳಿದ್ದಕ್ಕೆ ತಟ್ಟೆ ಬಿಟ್ಟು ಎದ್ದು ಹೋದ್ರು. ಆಮೇಲೆ ಮೂರು ದಿನ ಅಂಗಡಿ ಮುಂದೆ ಯಾರು ನಿಂತ್ರೂ ಗುರಾಯಿಸ್ತಿದ್ರು. ಇದು ನಂದಲ್ಲ ಅಕ್ಕ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದೀನಿ. ಮೇಲೆ, ಟೆರೇಸಲ್ಲಿ. ನೀನೇ ಹೇಳಿಲ್ವಾ, ತಿಂಗಳಿಗೊಮ್ಮೆ ಬಿಸಿಲು ತೋರಿಸು, ಹತ್ತಿ ಉಸಿರಾಡ್ಬೇಕು ಅಂತ. ನೀನು ಹೇಳಿದ್ದನ್ನ ಯಾವತ್ತಾದ್ರೂ ಮೀರಿದೀನಾ? ಅದು ಒಣಗೋವರೆಗೆ ಮಾಲೀಕರು ಇದನ್ನ ಕೊಟ್ಟಿದಾರೆ.

ಕಿಟಕಿ ಕಡೆ ಯಾಕೆ ನೋಡ್ತೀಯ? ಮೋಡ ಇದೆ, ಸರಿ. ಮೋಡ ಇದ್ರೇನು, ಗಾಳಿ ಇದೆಯಲ್ಲ. ಎಲ್ಲಿಗೆ ಎದ್ದೆ? ಟೆರೇಸಿಗಾ? ಬೇಡ ಬೇಡ, ಕೂತ್ಕೋ, ಮೇಲೆ ಬೀಗ ಹಾಕಿರ್ತಾರೆ. ಬೀಗ ಹಾಕಿದ್ರೆ ನಾನು ಹೇಗೆ ಹಾಸಿಗೆ ಹಾಕ್ದೆ ಅಂತ ತಾನೆ ಆ ನೋಟ? ಬೆಳಿಗ್ಗೆ ತೆಗ್ದಿತ್ತು... ಅಕ್ಕ, ಕೂತ್ಕೋ. ನಿಜ ಹೇಳ್ಬಿಡ್ತೀನಿ. ಟೆರೇಸಲ್ಲಿಲ್ಲ. ಕ್ಲಾಸಲ್ಲಿ ಒಬ್ಬನಿಗೆ ಬೆನ್ನು ನೋವು. ಪಾಪ, ಬಗ್ಗಿ ಬೂಟು ಕಟ್ಟೋಕಾಗಲ್ಲ ಅವನಿಗೆ. ಹತ್ತಿ ಹಾಸಿಗೆ ಮೇಲೆ ಮಲಗು ಅಂದಿದಾರಂತೆ ಡಾಕ್ಟ್ರು. ಅದಕ್ಕೆ ಕೊಟ್ಟೆ. ನಾಲ್ಕು ದಿನದ ಮಟ್ಟಿಗೆ. ನಿನ್ನ ಹಾಸಿಗೆ ಮೇಲೆ ಮಲಗಿದ್ಮೇಲೆ ಹೇಗಿದೀಯೋ ಅಂದ್ರೆ, ಯಾರು ಮಾಡಿದ್ದಪ್ಪ ಇದು, ಕೈ ತೋರಿಸಿದ್ರೆ ಕಣ್ಣಿಗೊತ್ಕೊಳ್ತೀನಿ ಅಂತಾನೆ.

ನಂಬಿಕೆ ಇಲ್ವಾ? ನಾನು ಆ ಹಾಸಿಗೆ ಬಿಡ್ತೀನಾ ಹೇಳು. ಅದನ್ನ ಮಾಡುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಗಿರಾಕಿಗಳ ಹಾಸಿಗೆಗೆ ಬರೀ ಹತ್ತಿ, ಮನೆಯವರ ಹಾಸಿಗೆಗೆ ಮಾತ್ರ ತಲೆ ಕಡೆ ಮನೆ ಬಟ್ಟೆಯ ಒಂದು ಚೂರು ಒಳಗಿಟ್ಟು ಹೊಲಿಯೋದು. ಅಪ್ಪ ಹಾಗೇ ಮಾಡ್ತಿದ್ರು, ನೀನೂ ಹಾಗೇ ಮಾಡ್ದೆ. ನಂದಕ್ಕೆ ಅಪ್ಪನ ನೀಲಿ ಗೀಟಿನ ಅಂಗಿ ತೋಳಿಂದ ಕತ್ತರಿಸ್ದೆ, ಮೂಲೇಗೆ ಕೆಂಪು ದಾರದ ಗಂಟು ಹಾಕ್ದೆ. ಕತ್ತರಿಸುವಾಗ ನಿನ್ನ ಕಣ್ಣಲ್ಲಿ ನೀರು ಬಂತು, ಹತ್ತಿ ಧೂಳು ಅಂದೆ. ಇದೆಲ್ಲಾ ಮರೆಯೋ ಮಾತಾ?

ಮತ್ತೆ ಕೆಮ್ಮು. ನೀರು ಕುಡಿ. ಲೋಟ... ಲೋಟ ಎಲ್ಲಿಟ್ಟೆ ನಾನು? ಈ ಕಪಾಟಲ್ಲಿ... ಅಯ್ಯೋ, ಬಿತ್ತಲ್ಲ ಎಲ್ಲಾ. ಶರ್ಟು, ಅಷ್ಟೇ, ಶರ್ಟು. ನನಗೆ ಸ್ವಲ್ಪ ದೊಡ್ಡದಾಗುತ್ತೆ, ಹೌದು. ಸ್ವಲ್ಪ ಅಲ್ಲ, ಸರಿ, ನಾವಿಬ್ರೂ ಒಟ್ಟಿಗೆ ತೂರ್ಬಹುದು ಇದ್ರೊಳಗೆ. ಅಗ್ಗಕ್ಕೆ ಸಿಕ್ತು ಅಂತ ತಗೊಂಡೆ. ದೊಡ್ಡ ಸೈಜಿಗೆ ಗಿರಾಕಿ ಇರಲ್ಲ, ರೇಟು ಇಳಿಸ್ತಾರೆ. ಉಳಿತಾಯ! ನೀರು ಬಾಟಲಲ್ಲೇ ಕುಡಿ, ತಗೋ. ನಿಧಾನ.

ಉಳಿತಾಯ ಅಂದ್ನಲ್ಲ, ಆ ವಿಷ್ಯ ಹೇಳ್ತೀನಿ ಕೇಳು. ನೀನು ಯಾವಾಗ್ಲೂ ಅಂತಿದ್ದೆ, ಇವನ ಕೈಲಿ ದುಡ್ಡು ಕೊಟ್ರೆ ತೂತಿರೋ ಚೀಲಕ್ಕೆ ಹಾಕಿದ ಹಾಗೆ ಅಂತ. ಈಗ ನೋಡು. ಕಾಲೇಜಲ್ಲಿ ನನಗೆ ಏನಂತಾರೆ ಗೊತ್ತಾ? ಖಜಾನೆ ಅಂತಾರೆ. ಯಾರಿಗಾದ್ರೂ ಕೈ ಖಾಲಿ ಆದ್ರೆ ನನ್ನ ಹತ್ರ ಬರ್ತಾರೆ. ಸಾಲಕ್ಕಲ್ಲ, ಸಾಲ ಕೊಡಲ್ಲ ಅಂತ ಗೊತ್ತು. ಉಪಾಯ ಕೇಳೋಕೆ.

ಬಸ್ಸು ಬಿಟ್ಟೆ ಮೊದಲು. ನಡ್ಕೊಂಡು ಹೋಗೋದು, ನಡ್ಕೊಂಡು ಬರೋದು. ದಾರೀಲೇ ಪಾಠ ಬಾಯಿಪಾಠ ಆಗುತ್ತೆ, ಎದುರು ಬರೋರು ಹುಚ್ಚ ಅನ್ಕೊಳ್ತಾರೆ, ಅನ್ಕೊಳ್ಲಿ ಬಿಡು. ಪುಸ್ತಕ ಕೊಳ್ಳೋದು ನಿಲ್ಸಿದೆ. ಸಂಜೆ ಜೆರಾಕ್ಸ್ ಅಂಗಡೀಲಿ ಕೆಲಸ ಮಾಡ್ತೀನಲ್ಲ, ಹೇಳಿದ್ನಲ್ಲ ಫೋನಲ್ಲಿ? ಅಲ್ಲಿ ಕೆಟ್ಟ ಕಾಪಿ ಬರ್ತವೆ, ಸೊಟ್ಟಗೆ, ಅರ್ಧ ಕಪ್ಪಗೆ. ಮಾಲೀಕ ಎಸೀತಾನೆ, ನಾನು ಆರಿಸ್ಕೊಳ್ತೀನಿ. ಹಿಂದುಗಡೆ ಖಾಲಿ ಇರುತ್ತಲ್ಲ, ಅದೇ ನನ್ನ ನೋಟ್ಸು. ಒಂದ್ಸಲ ಮೇಷ್ಟ್ರು ನನ್ನ ಅಸೈನ್‌ಮೆಂಟ್ ತಿರುಗಿಸಿ ನೋಡಿದ್ರೆ ಹಿಂದೆ ಯಾರದೋ ಮದುವೆ ಆಮಂತ್ರಣ. ನನಗೂ ಬರ್ಬೇಕೇನಪ್ಪ ಅಂದ್ರು. ಇಡೀ ಕ್ಲಾಸು ನಕ್ಕಿತು. ನಗು, ಅಕ್ಕ. ಇದು ನಗೋ ವಿಷ್ಯ.

ಸ್ನಾನ ಕಾಲೇಜಿನ ಆಟದ ಮೈದಾನದ ಹತ್ರ, ಅಲ್ಲಿ ಬಿಸಿ ನೀರು... ಅಲ್ಲ, ಯಾವಾಗ್ಲೂ ಅಲ್ಲ. ಇಲ್ಲಿ ನೀರು ಬರದ ದಿನ. ಇಲ್ಲೂ ಬಚ್ಚಲಿದೆ, ಆ ಬಾಗಿಲೇ... ಅದು ಅಡುಗೆಮನೆಯಾ? ಹೌದು, ಅಡುಗೆಮನೆ, ಅದರ ಪಕ್ಕ. ಫೋನು ಚಾರ್ಜು ಲೈಬ್ರರೀಲಿ. ಕುಡಿಯೋ ನೀರು ಲೈಬ್ರರೀಲಿ. ಫ್ಯಾನಿನ ಗಾಳಿ ಲೈಬ್ರರೀಲಿ. ಬಾಗಿಲು ಹಾಕೋವರೆಗೂ ಅಲ್ಲೇ. ಲೈಬ್ರರಿಯಮ್ಮ ಕೇಳ್ತಾರೆ, ನಿನ್ನ ಹೆಸರನ್ನೂ ಪುಸ್ತಕದ ಪಟ್ಟೀಲಿ ಸೇರಿಸ್ಲೇನೋ, ಯಾವಾಗ ನೋಡಿದ್ರೂ ಇಲ್ಲೇ ಇರ್ತೀಯ ಅಂತ. ಮಧ್ಯಾಹ್ನದ ಊಟ ಸ್ವಲ್ಪ ತಡ ಮಾಡೋದು, ರಾತ್ರಿ ಊಟ ಸ್ವಲ್ಪ ಬೇಗ ಮಾಡೋದು, ಎರಡೂ ನಾಲ್ಕು ಗಂಟೆಗೆ ಕ್ಯಾಂಟೀನಲ್ಲಿ ಭೇಟಿ ಆಗ್ತವೆ. ಒಂದೇ ತಟ್ಟೆ.

ಯಾಕೆ ಮುಖ ಹಾಗೆ ಮಾಡಿದೆ? ತಮಾಷೆ ಮಾಡ್ದೆ. ತಿಂತೀನಿ, ಎರಡು ಹೊತ್ತೂ ತಿಂತೀನಿ. ತೆಳ್ಳಗಾಗಿಲ್ಲ ನಾನು, ಈ ಶರ್ಟು ಹಾಗೆ ಕಾಣ್ಸುತ್ತೆ. ನೀನು ಹೇಳಿದ ಮಾತು ನನಗೆ ಮರೆತಿಲ್ಲ. ಹೊರಡೋ ದಿನ ಅಂಗಡಿ ಬಾಗಿಲಲ್ಲಿ ನಿಂತು ಹೇಳ್ದೆ. ಅಲ್ಲಿ ಹಸ್ಕೊಂಡು, ಬೀದೀಲಿ ಬಿದ್ಕೊಂಡು ಓದೋ ಹಾಗಿದ್ರೆ ಆ ಓದು ನನಗೆ ಬೇಡ, ಅವತ್ತೇ ಬಂದು ಎಳ್ಕೊಂಡು ಹೋಗ್ತೀನಿ, ಅಂಗಡೀಲಿ ಕೂತು ಹತ್ತಿ ತುಂಬು ಅಂತ. ನೀನು ಹೇಳಿದ್ರೆ ಮಾಡೋಳೇ. ಅದಕ್ಕೇ ಹೇಳ್ತಿದೀನಿ, ಹಾಗೇನೂ ಇಲ್ಲ. ಇನ್ನೊಂದೇ ಪರೀಕ್ಷೆ. ಇದೊಂದು ಮುಗಿದ್ರೆ ಡಿಗ್ರಿ ಕೈಗೆ ಬಂತು. ಇಷ್ಟು ದೂರ ಬಂದು ಕೊನೇಲಿ ಎಳ್ಕೊಂಡು ಹೋಗ್ಬೇಡ... ಅಂದ್ರೆ, ಹೋಗೋ ಕಾರಣಾನೇ ಇಲ್ಲ, ಸುಮ್ನೆ ಹೇಳ್ದೆ.

ಮೆಟ್ಟಿಲ ಮೇಲೆ ಯಾರೋ... ಇಲ್ಲ, ಪಕ್ಕದ ಮನೆಗೆ. ಗಂಟೆ ಎಷ್ಟಾಯ್ತು?

ಕಿಟಕೀಲಿ ಏನಿಲ್ಲ, ಸುಮ್ನೆ ನೋಡ್ತಿದೀನಿ. ಕೂತಲ್ಲಿ ಕೂರೋಕಾಗಲ್ಲ ಅಂತ ಚಿಕ್ಕಂದಿಂದ ಬೈತಿದ್ದೆ, ಹಾಗೇ ಇದೀನಿ ನೋಡು. ಊರಿನ ವಿಷ್ಯ ಹೇಳು. ಅಂಗಡಿ ಹೇಗೆ ನಡೀತಿದೆ? ಆ ಹಳೆ ಹತ್ತಿ ಮೂಟೆ ತರೋ ವ್ಯಾನಿನವನು ಬರ್ತಾನಾ ಇನ್ನೂ? ಅದೇ, ಒಂದೇ ಸಮ ಬೀಡಿ ಸೇದ್ಕೊಂಡು ನಿನ್ನ ಹತ್ತಿ ಪಕ್ಕದಲ್ಲೇ ಕಡ್ಡಿ ಗೀರಿ ಬೈಸ್ಕೊಳ್ತಿದ್ನಲ್ಲ. ಬಂದಿದ್ನಾ ಈ ತಿಂಗಳು? ಒಳ್ಳೆ ಮಾಲು ಸಿಕ್ತಾ?

ಯಾಕೆ ಹಾಗೆ ನೋಡ್ತಿದೀಯ? ವ್ಯಾನಿನವನ ವಿಷ್ಯ ಕೇಳಿದ್ರೆ ತಪ್ಪಾ?

ತಡಿ, ಕೆಳಗಿಂದ ಕೂಗ್ತಿದಾರೆ. ...ಹಾಂ ಆಂಟಿ! ...ನಾನೇ ಆಂಟಿ. ...ಇಲ್ಲ, ಅವನು ಹೊರಗೆ ಹೋಗಿದಾನೆ, ಆರು ಗಂಟೆಗೆ ಬರ್ತಾನೆ. ...ನಾನು ಅವನ ಫ್ರೆಂಡು, ಹೋದ ವಾರ ನೋಡಿದ್ರಲ್ಲ. ...ಹೂಂ, ಕೀ ಅವನೇ ಕೊಟ್ಟಿದ್ದು. ...ಆಯ್ತು ಆಂಟಿ, ಲೈಟು ಆರಿಸ್ತೀನಿ.

ಮಾಲೀಕರಮ್ಮ. ವಯಸ್ಸಾಗಿದೆ, ಮರೆವು. ದಿನಾ ಹೀಗೇ, ಯಾರಪ್ಪ ನೀನು, ಪೈಲ್ವಾನ್ ಎಲ್ಲಿ, ಅಂತ. ಪೈಲ್ವಾನ್ ಅಂದ್ರೆ... ನನಗೇ ಹಾಗೆ ಕರೀತಾರೆ. ಡಂಬೆಲ್ ಎತ್ತುತೀನಲ್ಲ.

ಅಕ್ಕ, ಏನಾದ್ರೂ ಮಾತಾಡು. ಬಂದಾಗಿಂದ ಬಾಯಿ ಬಿಟ್ಟಿಲ್ಲ ನೀನು. ಇದು ನೀನೇನಾ? ಅಂಗಡಿ ಮುಂದೆ ಹೋಗೋರನ್ನ ಕರೆದು, ನಿಮ್ಮ ಸೊಂಟ ನೋಡಿದ್ರೇ ಗೊತ್ತಾಗುತ್ತೆ ಯಾವ ಹಾಸಿಗೆ ಮೇಲೆ ಮಲಗ್ತೀರ ಅಂತ, ಅನ್ನೋಳು. ಬೈಯಿ, ಬೇಕಾದ್ರೆ. ಶರ್ಟಿಗೆ ಬೈಯಿ. ಸ್ಪಂಜಿಗೆ ಬೈಯಿ. ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಸುಮ್ನೆ ಕೂತ್ರೆ ನನ್ನ ಬಾಯಿ ತಾನಾಗೇ ಓಡುತ್ತೆ, ಏನೇನೋ ಹೇಳ್ಬಿಡುತ್ತೆ.

ಮತ್ತೆ ಕೆಮ್ಮು. ತಡೀಬೇಡ, ಕೆಮ್ಮು, ನನ್ನ ಮುಂದೆ ಯಾಕೆ ಸೆರಗು ಅಡ್ಡ ಹಿಡೀತೀಯ? ನನಗೆ ಗೊತ್ತಿಲ್ಲ ಅನ್ಕೊಂಡ್ಯಾ? ಪಕ್ಕದ ಅಂಗಡಿ ಚಿಕ್ಕಮ್ಮ ಎಲ್ಲಾ ಹೇಳಿದಾರೆ. ಡಾಕ್ಟ್ರು ಏನಂದ್ರು, ನೀನು ಅವರಿಗೆ ಏನಂದೆ, ಎಲ್ಲಾ. ಇನ್ನು ಕೈಯಲ್ಲಿ ಹತ್ತಿ ಹಿಂಜ್ಬಾರ್ದು, ಆ ಧೂಳು ಒಳಗೆ ಹೋದಷ್ಟೂ ಎದೆ ಹಾಳು ಅಂದ್ರಂತೆ. ನೀನು, ಹಿಂಜದೆ ಹಾಸಿಗೆ ಹೇಗೆ ಆಗುತ್ತೆ ಸ್ವಾಮಿ, ನನ್ನ ತಮ್ಮನ ರೂಮ್ ಬಾಡಿಗೆ ನೀವು ಕಟ್ತೀರಾ ಅಂದ್ಯಂತೆ. ಹಾಗೆ ಅಂದಿದ್ದು ನಿಜಾನಾ? ಹೇಳು. ನಿಜ ತಾನೆ. ಆ ಮಾತು ಕೇಳಿದ ದಿನದಿಂದ ನನಗೆ...

ಬಿಡು. ನೀನು ಹೊರಡೋ ಹೊತ್ತಾಯ್ತು. ಬಸ್ ಸ್ಟ್ಯಾಂಡಿಗೆ ಆಟೋ ಮಾಡ್ತೀನಿ, ಇವತ್ತು ಉಳಿತಾಯ ಇಲ್ಲ, ನನ್ನ ಅಕ್ಕನಿಗೆ ಆಟೋನೇ. ಏಳು.

ಏಳಲ್ವಾ? ಇಲ್ಲೇ ಇರ್ತೀಯಾ ರಾತ್ರಿ? ಇಲ್ಲಿ ಹೇಗೆ ಅಕ್ಕ, ಇರೋದು ಒಂದೇ ಮಂಚ. ನಾನು ನೆಲದ ಮೇಲೆ ಮಲಗ್ಬಹುದು, ನನಗೆ ಅಭ್ಯಾಸ ಇದೆ... ಅಭ್ಯಾಸ ಅಂದ್ರೆ, ಮನೇಲಿ ಬೇಸಿಗೇಲಿ ಮಲಗ್ತಿರ್ಲಿಲ್ವಾ, ಹಾಗೆ. ಆದ್ರೆ ಆಗಲ್ಲ. ಮಾಲೀಕರು ಹೆಂಗಸರನ್ನ ಇರೋಕೆ ಬಿಡಲ್ಲ. ಅಕ್ಕ ಆದ್ರೂ ಬಿಡಲ್ಲ. ಅಮ್ಮ ಆದ್ರೂ ಬಿಡಲ್ಲ. ಏಳು, ಅಕ್ಕ. ಕಾಲಿಗೆ ಬೀಳ್ತೀನಿ, ಏಳು.

ಆ ಬಲಗೈ ಯಾಕೆ ಆಗಿನಿಂದ ಮುಷ್ಟಿ ಹಿಡ್ದಿದೀಯ? ಬಸ್ ಸ್ಟ್ಯಾಂಡಲ್ಲೂ ನೋಡ್ದೆ. ನೀರು ಕುಡಿಯುವಾಗ್ಲೂ ಎಡಗೈಲೇ ತಗೊಂಡೆ. ನೋವಾ? ದಬ್ಬಣ ಚುಚ್ಕೊಂಡ್ಯಾ ಮತ್ತೆ? ತೋರ್ಸು. ತೋರ್ಸು ಅಂದ್ರೆ... ದುಡ್ಡಾ? ನನಗೆ ಕೊಡೋಕೆ ತಂದ್ಯಾ? ಬೇಡ, ನನ್ನ ಹತ್ರ ಇದೆ, ಬೇಕಾದಷ್ಟಿದೆ, ನೀನು ಊಹೆ ಮಾಡಿರಲ್ಲ ಅಷ್ಟಿದೆ. ನೀನು ಕಳಿಸಿದ್ದೆಲ್ಲಾ...

ಏನದು.

ಹಾಸಿಗೆ ಮೇಲೆ ಯಾಕಿಟ್ಟೆ. ಬಟ್ಟೆ ಚೂರು. ನೀಲಿ ಗೀಟು.

ಇದು ಬೇರೆ. ಅಂಗಡೀಲಿ ಉಳಿದಿತ್ತಾ, ಆ ತೋಳಿನ ಇನ್ನೊಂದು ಚೂರು? ಹಾಗೇ ಇರ್ಬೇಕು. ಹೌದಾ ಅಕ್ಕ? ತಲೆ ಆಡಿಸು ಸಾಕು. ಆಡಿಸು. ...ಇದ್ರಲ್ಲಿ ಹತ್ತಿ ಅಂಟ್ಕೊಂಡಿದೆ. ಮೂಲೇಲಿ ನೀನು ಕೆಂಪು ದಾರದಲ್ಲಿ ಹಾಕಿದ ಗಂಟಿದೆ.

ವ್ಯಾನಿನವನ ಮೂಟೇಲಿ ಬಂತಾ.

ನೋಡು, ನಗು ಬರುತ್ತೆ. ಈ ಊರಲ್ಲಿ ಹಳೆ ಹತ್ತಿ ತಗೊಳ್ಳೋ ಅಂಗಡಿ ಹುಡುಕ್ಕೊಂಡು ಆ ಹಾಸಿಗೆ ಎಷ್ಟು ದೂರ ಹೊತ್ಕೊಂಡು ಹೋದೆ ಗೊತ್ತಾ? ಊರಾಚೆ. ಯಾರಿಗೂ ಗೊತ್ತಾಗ್ಬಾರ್ದು ಅಂತ. ಆ ಅಂಗಡಿಯವನು ಮಾರಿ, ಅವನಿಂದ ಇನ್ನೊಬ್ಬ ತಗೊಂಡು, ಕೊನೆಗೆ ಆ ಬೀಡಿಯವನ ವ್ಯಾನಿಗೆ ಬಂದು, ನಿನ್ನ ಅಂಗಡಿ ಬಾಗಿಲಿಗೇ... ನೀನು ಮೂಟೆ ಬಿಚ್ಚಿದಾಗ ಕೈಗೆ ಸಿಕ್ತಾ? ಹಿಂಜುವಾಗ ಸಿಕ್ತಾ? ಏನನ್ಕೊಂಡೆ? ನಾನು ಸತ್ತಿದೀನಿ ಅನ್ಕೊಂಡ್ಯಾ? ಅದಕ್ಕೇ ಹೇಳದೆ ಕೇಳದೆ ಬಸ್ ಹತ್ತಿ ಬಂದ್ಯಾ? ಬಸ್ ಸ್ಟ್ಯಾಂಡಲ್ಲಿ ನನ್ನ ನೋಡಿದ ತಕ್ಷಣ ಕೆನ್ನೆ ಮುಟ್ಟಿ ಮುಟ್ಟಿ ನೋಡ್ದೆ, ನಾನು ಅದಕ್ಕೂ ತಮಾಷೆ ಮಾಡ್ದೆ.

ಆ ಚೂರು ತೆಗ್ದಿಟ್ಕೊಂಡು ಕೊಡ್ಬೇಕಿತ್ತು. ಗೊತ್ತಿತ್ತು ನನಗೆ, ಮರೆತಿದ್ದಲ್ಲ. ಕತ್ತರಿ ಕೈಲಿ ಹಿಡ್ಕೊಂಡು ಕೂತಿದ್ದೆ. ತೆಗೀಬೇಕು ಅಂದ್ರೆ ನಿನ್ನ ಹೊಲಿಗೆ ಬಿಚ್ಬೇಕು. ತಲೆ ಕಡೆ ಎಷ್ಟು ಒತ್ತಾಗಿ ಹೊಲ್ದಿದ್ದೆ ನೀನು. ಒಂದು ಹೊಲಿಗೆ ಕತ್ತರಿಸ್ದೆ, ಎರಡನೇದು ಆಗ್ಲಿಲ್ಲ. ಹಾಗೇ ಕೊಟ್ಬಿಟ್ಟೆ. ಬೇರೆ ಯಾರಾದ್ರೂ ಆಗಿದ್ರೆ ಸರ್ರಂತ ಸೀಳಿ, ಹತ್ತಿ ತೂಕಕ್ಕೆ ಹಾಕಿ ಬರ್ತಿದ್ರು. ನಾನು ಹಾಸಿಗೆ ಹೊಲಿಯೋರ ಮನೆ ಹುಡುಗ, ಹೊಲಿಗೆ ಬಿಚ್ಚೋಕೆ ಕೈ ಬರ್ಲಿಲ್ಲ.

ಇವತ್ತು ಎಲ್ಲಾ ಸರಿಯಾಗಿ ಜೋಡಿಸ್ದೆ ಅಕ್ಕ. ಪುಸ್ತಕ ತಂದೆ, ಬ್ಯಾಗು ತಂದೆ, ನಿನ್ನ ಫೋಟೋ ತಂದೆ. ನೀನು ಡಬ್ಬ ತೆಗೆದು ನೋಡ್ತೀಯ ಅಂತ ಈ ರೂಮಿನವನ ಸಕ್ಕರೆ ಡಬ್ಬ ಕೂಡ ಒರೆಸಿಟ್ಟೆ. ಹಾಸಿಗೆ ಒಂದು ತಲೇಗೇ ಬರ್ಲಿಲ್ಲ. ನಿನ್ನಂಥವಳು ರೂಮಿಗೆ ಬಂದ್ರೆ ಮೊದಲು ನೋಡೋದೇ ಹಾಸಿಗೆ. ಅದು ನನಗೆ ಮರೆತೇ ಹೋಗಿತ್ತು. ಹಾಸಿಗೆ ಅಂತ ಒಂದಿರುತ್ತೆ ಅನ್ನೋದೇ ಮರೆತು ಹೋಗಿತ್ತು.

ಹೌದು, ಇದು ಪೈಲ್ವಾನಿನ ರೂಮು. ಎಲ್ಲಾ ಗೊತ್ತಾಯ್ತಲ್ಲ, ಇನ್ನೇನು ಉಳೀತು. ಆರು ಗಂಟೆಗೆ ಬರ್ತಾನೆ. ಒಳ್ಳೆ ಹುಡುಗ, ಕೇಳಿದ ತಕ್ಷಣ ಕೀ ಕೊಟ್ಟ. ನನ್ನ ರೂಮು ಬಿಟ್ಟು ವರ್ಷ ಆಗ್ತಾ ಬಂತು. ಜೆರಾಕ್ಸ್ ಅಂಗಡೀಲಿ, ಕೌಂಟರ್ ಕೆಳಗೆ ಮಲಗ್ತೀನಿ. ಬೀದೀಲಲ್ಲ, ಅಕ್ಕ. ಬಾಗಿಲಿದೆ, ಬೀಗ ಇದೆ. ಮಾಲೀಕನಿಗೂ ಕಾವಲು ಆಯ್ತು. ಚಳಿ ಆಗಲ್ಲ, ಮಿಷನ್ನು ರಾತ್ರಿ ಸುಮಾರು ಹೊತ್ತು ಬೆಚ್ಚಗಿರುತ್ತೆ, ಬೆನ್ನು ಅದಕ್ಕೆ ಕೊಟ್ಟು ಮಲಗಿದ್ರೆ ಆರಾಮು. ಹಾಸಿಗೆ ಇಟ್ಕೊಳ್ಳೋಕೆ ಅಲ್ಲಿ ಜಾಗ ಇರ್ಲಿಲ್ಲ, ಅಷ್ಟೇ. ಇಲ್ದಿದ್ರೆ ಅದನ್ನ ಕೊಡ್ತಿದ್ನಾ ನಾನು?

ದುಡ್ಡು ಎಲ್ಲಿ ಹೋಯ್ತು ಅಂತ ಕೇಳು. ಕೇಳಲ್ವಾ? ಕುಡಿದು ಹಾಳು ಮಾಡಿದೀನಿ ಅನ್ಕೊಂಡ್ರೂ ಕೇಳಲ್ಲ ನೀನು. ಒಂದು ಹತ್ತಿ ಹಿಂಜೋ ಮಿಷನ್ನು ನೋಡಿದೀನಿ. ಮುಚ್ಚಿ ಹೋದ ಕಾರ್ಖಾನೇದು, ಹಳೇದು, ಆದ್ರೆ ಗಟ್ಟಿ. ಹತ್ತಿ ಈ ಕಡೆ ಹಾಕಿದ್ರೆ ಆ ಕಡೆ ಬರುತ್ತೆ, ಧೂಳೆಲ್ಲಾ ಒಂದು ಚೀಲಕ್ಕೆ ಹೋಗಿ ಬೀಳುತ್ತೆ. ನಿನ್ನ ಎದೆಗೆ ಹೋಗಲ್ಲ. ಮುಂಗಡ ಕೊಟ್ಟಾಯ್ತು. ಪರೀಕ್ಷೆ ಮುಗಿಯೋ ಹೊತ್ತಿಗೆ ಪೂರ್ತಿ ಕಟ್ಟಿ, ಅದನ್ನೇ ಟೆಂಪೋಲಿ ಹಾಕ್ಕೊಂಡು, ಡ್ರೈವರ್ ಪಕ್ಕ ಕೂತು, ಅಂಗಡಿ ಮುಂದೆ ಬಂದು ಇಳೀಬೇಕು ಅಂತಿದ್ದೆ. ನಿನ್ನ ಮುಖ ಹೇಗಾಗುತ್ತೆ ಅಂತ ದಿನಾ ನೆನೆಸ್ಕೊಂಡು ಮಲಗ್ತಿದ್ದೆ. ನೀನು ಕೆಮ್ಮಿ ಕೆಮ್ಮಿ ಕಳಿಸಿದ ದುಡ್ಡಲ್ಲಿ ನಾನು ಕಾಲು ಚಾಚಿ ಮಲಗ್ಲಾ ಅಕ್ಕ? ನಿದ್ದೆ ಬರುತ್ತಾ ಹಾಗೆ? ನನಗೆ ಬರ್ಲಿಲ್ಲ. ರೂಮಲ್ಲಿದ್ದಾಗ ಬರ್ಲಿಲ್ಲ, ಕೌಂಟರ್ ಕೆಳಗೆ ಬರ್ತಿದೆ.

ಬೈಯಿ ಈಗ. ಹೊಡಿ.

ಕರ್ಕೊಂಡು ಹೋಗ್ತೀಯಾ? ಮಾತು ಕೊಟ್ಟಿದ್ದೆ ನೀನು, ಎಳ್ಕೊಂಡು ಹೋಗ್ತೀನಿ ಅಂತ. ಒಂದು ತಿಂಗಳು ಬಿಡು. ಒಂದೇ ಒಂದು ತಿಂಗಳು. ಪರೀಕ್ಷೆ ಬರೆದು ನಾನೇ ಬಂದು ಅಂಗಡೀಲಿ ಕೂರ್ತೀನಿ, ನೀನು ಹೇಳಿದಷ್ಟು ದಿನ ಹತ್ತಿ ತುಂಬ್ತೀನಿ... ಎದ್ದೆ. ಚಪ್ಪಲಿ ಹಾಕ್ಕೊಳ್ತೀಯಾ? ನನ್ನ ಬ್ಯಾಗು ತಗೊಳ್ಲಾ? ಇಲ್ವಾ? ಗಂಟಿಗೆ ಯಾಕೆ ಕೈ ಹಾಕ್ದೆ?

ಇದು ರಜಾಯಿ ಅಲ್ಲ.

ಬರೀ ಹತ್ತಿ. ಇದು... ಈ ಹತ್ತಿ ಅದೇ ತಾನೆ? ನಂದೇ. ಮತ್ತೆ ಹಿಂಜಿದೀಯ, ಈ ಕೆಮ್ಮಿಟ್ಕೊಂಡು. ಎಷ್ಟು ಮೆತ್ತಗೆ ಮಾಡಿದೀಯ ಅಕ್ಕ. ಹಾಸಿಗೆ ಚೀಲಕ್ಕೆ ಗೀಟು ಬಟ್ಟೆ, ಇನ್ನೂ ಕತ್ತರಿಸಿಲ್ಲ. ದಬ್ಬಣ. ದಾರ. ಇಲ್ಲೇ ಹೊಲೀತೀಯಾ? ಈಗಲೇ?

ಮೆಟ್ಟಿಲ ಮೇಲೆ ಪೈಲ್ವಾನಿನ ಹೆಜ್ಜೆ. ಅವನೇ. ಬರ್ಲಿ ಬಿಡು, ಬಂದು ಅವನೂ ನೋಡ್ಲಿ ಹಾಸಿಗೆ ಅಂದ್ರೆ ಏನು ಅಂತ.

ಆ ಅಳತೆ ದಾರ ಯಾಕೆ ನನ್ನ ಕಡೆ ಹಿಡ್ದಿದೀಯ? ನನ್ನ ಅಳತೆ ನಿನಗೆ ಗೊತ್ತಲ್ಲ, ಮೊದಲೇ ಮಾಡಿದೀಯ. ...ನಂದಲ್ವಾ? ಅಲ್ಲೀದಾ? ನಾನು ಮಲಗೋ ಜಾಗದ್ದಾ?

ಅಕ್ಕ...

ಅಳ್ತಿಲ್ಲ ನಾನು. ಹತ್ತಿ ಧೂಳು. ಹೇಳ್ತೀನಿ, ತಡಿ. ಅಗಲ... ಆ ಕಡೆ ಪೇಪರ್ ಬಂಡಲ್ಲು, ಈ ಕಡೆ ಜೆರಾಕ್ಸ್ ಮಿಷನ್ನು. ಎರಡು ಅಡಿ. ಎರಡಕ್ಕೆ ಸ್ವಲ್ಪ ಕಮ್ಮಿ. ದಾರಕ್ಕೆ ಹಾಕ್ಕೋ ಗಂಟು. ಉದ್ದ... ಉದ್ದ ಬಿಡು, ಏನೋ ಒಂದು ಮಾಡು, ಹೇಗೋ ಆಗುತ್ತೆ. ಹಾಗೆ ನೋಡ್ಬೇಡ, ಹೇಳ್ತೀನಿ.

ಉದ್ದ ನನ್ನಷ್ಟಿಲ್ಲ, ಅಕ್ಕ.